ಮಾಳಿಗೆಯ ಬಿಸಿನೀರು ನಿಂತಾಗ

ಸಮುದ್ರಮಟ್ಟದಿಂದ 600 ಮೀಟರಿಗೂ ಹೆಚ್ಚು ಎತ್ತರದ ಪ್ರಸ್ಥಭೂಮಿಯ ಮೇಲಿರುವ ಬೀದರಿನಲ್ಲಿ ಡಿಸೆಂಬರ್, ಜನವರಿಯ ಬೆಳಗುಗಳು ಮೈಕೊರೆಯುವಷ್ಟು ತಣ್ಣಗಿರುವುದರಿಂದ, ಮಾಳಿಗೆಯ ಸೋಲಾರ್ ವಾಟರ್ ಹೀಟರ್ ಕೈಕೊಟ್ಟರೆ ಅದರ ಬಿಸಿ ಮೊದಲು ತಟ್ಟುವುದು ಮನೆಯ ಮಕ್ಕಳಿಗೂ ವೃದ್ಧರಿಗೂ. ಹಾಗೆ ಕೆಟ್ಟಿತೆಂದು ಕೈಬಿಟ್ಟ ಎಷ್ಟೋ ಹೀಟರುಗಳಲ್ಲಿ ಕೆಟ್ಟಿರುವುದು ಉಪಕರಣವಲ್ಲ, ನೀರಿನ ಹಾದಿ. ಅದನ್ನು ಅರಿತ ಮನೆಯವರು ಅರ್ಧದಷ್ಟು ರಿಪೇರಿಯನ್ನು ತಾವೇ ಮಾಡಿಕೊಳ್ಳಬಲ್ಲರು.

ಮಾಳಿಗೆಯ ಹೀಟರಿನಲ್ಲಿ ನೀರನ್ನು ಸುತ್ತಿಸುವ ಕೆಲಸವನ್ನು ನೀರಿನ ತೂಕದ ವ್ಯತ್ಯಾಸವೇ ಮಾಡುತ್ತದೆ: 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 998 ಗ್ರಾಂ ತೂಗುವ ಒಂದು ಲೀಟರ್ ನೀರು 60 ಡಿಗ್ರಿಯಲ್ಲಿ 983 ಗ್ರಾಮಿಗೆ ಇಳಿಯುತ್ತದೆ, ಹಗುರಾದ ಬಿಸಿನೀರು ಟ್ಯಾಂಕಿಗೆ ಏರಿದಂತೆ ತಣ್ಣೀರು ಕೆಳಗಿಳಿಯುತ್ತದೆ. ಹದಿನೈದು ಗ್ರಾಮಿನ ಈ ಅಲ್ಪ ಬಲವನ್ನು ತಡೆಯಲು ಒಂದು ಗಾಳಿಗುಳ್ಳೆಯೇ ಸಾಕು. ತಾಮ್ರದ ಕೊಳವೆಗಳ ಚಪ್ಪಟೆ ಫಲಕವಿರುವ ಹೀಟರಿನಲ್ಲಿ ಫಲಕ ಸುಡುತ್ತಿದ್ದು ಟ್ಯಾಂಕಿನ ನೀರು ತಣ್ಣಗಿದ್ದರೆ, ಎರಡನ್ನೂ ಜೋಡಿಸುವ ಮೇಲಿನ ಪೈಪು ನಡುವೆ ಜೋತುಬಿದ್ದು ಗಾಳಿ ಸೇರಿದೆಯೇ ಎಂದು ನೋಡಬೇಕು. ಟ್ಯಾಂಕಿನ ಕಡೆಗೆ ಅದು ಒಂದೇ ಸಮನೆ ಏರುತ್ತಿರುವಂತೆ ಆಸರೆ ಕೊಟ್ಟರೆ ಗಾಳಿ ತಾನಾಗಿ ಹೊರಹೋಗುತ್ತದೆ.

ಗಾಳಿಗಿಂತ ಹಟಮಾರಿಯಾದದ್ದು ಸುಣ್ಣ. ಬೀದರ್ ನಗರ ಕೆಂಪು ಜಂಬಿಟ್ಟಿಗೆಯ ಪದರದ ಮೇಲೆ ನಿಂತಿದ್ದರೆ, ಭಾಲ್ಕಿ ಮತ್ತು ಔರಾದ್ ಕಡೆಯ ಕಪ್ಪುಮಣ್ಣಿನ ಕೆಳಗಿರುವುದು ಬಸಾಲ್ಟ್ ಎಂಬ ಕರಿಶಿಲೆ. ಅಂಥ ಶಿಲೆಯ ಬಿರುಕುಗಳಲ್ಲಿ ಹರಿದುಬರುವ ಬೋರ್‌ವೆಲ್ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಕರಗಿರುತ್ತವೆ. ಸಾಬೂನು ಸುಲಭವಾಗಿ ನೊರೆ ಕೊಡದ ಈ ಗಡಸು ನೀರು ಕಾದಾಗ, ಕರಗಿದ್ದ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಒಡೆದು ಬಿಳಿಯ ಪೊರೆಯಾಗಿ ಕೊಳವೆಯ ಒಳಮೈಗೆ ಅಂಟುತ್ತದೆ, ಶಾಖವನ್ನೂ ಹರಿವನ್ನೂ ತಡೆಯುತ್ತದೆ. ನೀರು ಖಾಲಿಮಾಡಿ, ಅಂಗಡಿಯಲ್ಲಿ ಸಿಗುವ ಸಿಟ್ರಿಕ್ ಆಮ್ಲವನ್ನು ತೆಳುವಾಗಿ ಕರಗಿಸಿ ತುಂಬಿ, ಗುಳ್ಳೆಯೇಳುವುದು ನಿಲ್ಲುವವರೆಗೆ ಬಿಟ್ಟು, ಚೆನ್ನಾಗಿ ತೊಳೆದರೆ ಪೊರೆ ಬಹುಮಟ್ಟಿಗೆ ಕರಗುತ್ತದೆ. ಕೆಲಸ ಬೇಗ ಮುಗಿಯಲೆಂದು ಶೌಚಾಲಯ ತೊಳೆಯುವ ಆಸಿಡ್ ಸುರಿಯುವುದು ದೊಡ್ಡ ತಪ್ಪು. ಅದರಲ್ಲಿರುವ ಹೈಡ್ರೋಕ್ಲೋರಿಕ್ ಆಮ್ಲ ಸ್ಟೇನ್‌ಲೆಸ್ ಸ್ಟೀಲನ್ನೂ ಕೊರೆದು, ವರ್ಷಗಟ್ಟಲೆ ಬಾಳಬೇಕಾದ ಟ್ಯಾಂಕನ್ನು ತೂತುಮಾಡುತ್ತದೆ.

ಗಾಜಿನ ಕೊಳವೆಗಳ ಹೀಟರಿನಲ್ಲಿ ಪ್ರತಿ ಕೊಳವೆಯೂ ಥರ್ಮಾಸ್ ಫ್ಲಾಸ್ಕಿನಂತೆ ಎರಡು ಪದರಗಳ ನಡುವೆ ನಿರ್ವಾತವನ್ನು ಹಿಡಿದಿರುತ್ತದೆ. ತುದಿಯಲ್ಲಿ ಕನ್ನಡಿಯಂತೆ ಹೊಳೆಯುವ ಬೇರಿಯಂ ಲೇಪ ಹಾಲುಬಿಳುಪಿಗೆ ತಿರುಗಿದರೆ ಒಳಗೆ ಗಾಳಿ ನುಗ್ಗಿದೆಯೆಂದೂ ಆ ಕೊಳವೆಯನ್ನೇ ಬದಲಿಸಬೇಕೆಂದೂ ತಿಳಿಯಬೇಕು. ಕೊಳವೆ ಟ್ಯಾಂಕಿಗೆ ಸೇರುವಲ್ಲಿ ನೀರು ಜಿನುಗುತ್ತಿದ್ದರೆ ಹೆಚ್ಚಾಗಿ ಸಿಲಿಕೋನ್ ವಾಷರ್ ಬದಲಿಸಿದರೆ ಸಾಕು. ಆದರೆ ಟ್ಯಾಂಕಿನೊಳಗೆ ವಿದ್ಯುತ್ ಕಾಯಿಲ್ ಇದ್ದರೆ ಮೇನ್ ಸ್ವಿಚ್ ಆರಿಸದೆ ಯಾವುದನ್ನೂ ಮುಟ್ಟಬಾರದು, ಕಾಯಿಲ್ ಮತ್ತು ಅರ್ಥಿಂಗಿನ ಕೆಲಸವನ್ನು ಬಲ್ಲ ಎಲೆಕ್ಟ್ರಿಷಿಯನ್‌ಗೇ ಬಿಡಬೇಕು. ಗಾಜಿನ ಕೊಳವೆ ನೀರಿಲ್ಲದೆ ಬಿಸಿಲಿಗೆ ನಿಂತರೆ 200 ಡಿಗ್ರಿಯನ್ನೂ ದಾಟಿ ಕಾಯಬಲ್ಲುದು, ಆಗ ತಣ್ಣೀರು ಬಿಟ್ಟರೆ ಸಿಡಿಯುತ್ತದೆ. ಹಾಗಾಗಿ ರಿಪೇರಿ ಮಧ್ಯಾಹ್ನವೇ ಮುಗಿದರೂ ನೀರು ತುಂಬುವ ಕೆಲಸವನ್ನು ಹೊತ್ತು ಮುಳುಗಿ ಕೊಳವೆಗಳು ಆರಿದ ಮೇಲೆ, ಇಲ್ಲವೇ ಮರುದಿನ ಸೂರ್ಯ ಹುಟ್ಟುವ ಮೊದಲು ಇಟ್ಟುಕೊಳ್ಳಬೇಕು.