ಸುಕ್ಕಿನ ಕ್ರೀಮು ಮತ್ತು ಕೇರಳದ ಕರಿಮರಳು

ಪೆರಿಯಾರ್ ಹೊಳೆಯ ದಂಡೆಯ ಆಲುವ ಪಟ್ಟಣ ಕಾಲಡಿಗೆ ಹೋಗಿಬಂದ ಕನ್ನಡಿಗರಿಗೆ ಪರಿಚಿತವೇ. ಅದರ ಪಕ್ಕದ ಉದ್ಯೋಗಮಂಡಲದಲ್ಲಿ ಕೇರಳ ಕರಾವಳಿಯ ಮೊನಜೈಟ್ ಮರಳನ್ನು ಸಂಸ್ಕರಿಸಲೆಂದು ಇಂಡಿಯನ್ ರೇರ್ ಅರ್ತ್ಸ್ ಕಾರ್ಖಾನೆ 1952ರಲ್ಲಿ ಶುರುವಾಯಿತು. ಈ ಮರಳು ಹೊರಜಗತ್ತಿನ ಕಣ್ಣಿಗೆ ಬಿದ್ದದ್ದು 1909ರಲ್ಲಿ. ತಿರುವಾಂಕೂರಿನಿಂದ ಜರ್ಮನಿಗೆ ಹೋದ ತೆಂಗಿನ ನಾರಿಗೆ ಅಂಟಿದ್ದ ಕಾಳುಗಳನ್ನು ಷೋಂಬರ್ಗ್ ಎಂಬ ರಸಾಯನತಜ್ಞ ಗುರುತಿಸಿದ. ಅವನ ಕಣ್ಣಿದ್ದದ್ದು ಅದರಲ್ಲಿದ್ದ, ಗ್ಯಾಸ್‌ಲೈಟಿನ ಮ್ಯಾಂಟಲ್‌ಗೆ ಬೇಕಾದ ಥೋರಿಯಂ ಮೇಲೆ. ಆದರೆ ಆ ತೀರದಲ್ಲಿ ಮೊನಜೈಟಿಗಿಂತ ಎಷ್ಟೋ ಹೆಚ್ಚು ಇರುವುದು ಇಲ್ಮನೈಟ್ ಎಂಬ ಕರಿಮರಳು. ಅದರಿಂದ ತೆಗೆಯುವುದು ಟೈಟಾನಿಯಂ ಡೈಆಕ್ಸೈಡ್ ಎಂಬ ಅಚ್ಚ ಬಿಳಿಯ ಪುಡಿ. ತಿರುವನಂತಪುರದ ಟ್ರಾವಂಕೂರ್ ಟೈಟಾನಿಯಂ ಪ್ರಾಡಕ್ಟ್ಸ್ ಹುಟ್ಟಿದ್ದೇ ಇದಕ್ಕಾಗಿ, 1946ರಲ್ಲಿ. ಜಗತ್ತಿನಲ್ಲಿ ತಯಾರಾಗುವ ಈ ಪುಡಿಯ ಬಹುಪಾಲು ಗೋಡೆಯ ಬಣ್ಣಕ್ಕೆ, ಪ್ಲಾಸ್ಟಿಕ್‌ಗೆ, ಕಾಗದಕ್ಕೆ ಹೋಗುತ್ತದೆ. ಒಂದು ಚೂರು ಪಾಲು ಬಲು ಸೂಕ್ಷ್ಮ ಕಣಗಳಾಗಿ ಸನ್‌ಸ್ಕ್ರೀನಿನ ಟ್ಯೂಬು ಸೇರುತ್ತದೆ.

ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ಸಿಗುವ ಕ್ರೀಮುಗಳಲ್ಲಿ ಸುಕ್ಕಿಗೆ ಯಾವುದು ನಿಜವಾಗಿ ಕೆಲಸಕ್ಕೆ ಬರುತ್ತದೆ ಎಂದು ಕೇಳಿದರೆ, ನಾನು ಮೊದಲು ತೋರಿಸುವುದು ಇಂಥ ಟ್ಯೂಬನ್ನೇ. ಅದರ ಮೇಲೆ ಸುಕ್ಕಿನ ಮಾತೇ ಇಲ್ಲದಿದ್ದರೂ ಸರಿ.

ಯಾಕೆಂದರೆ ಮುಖದ ಸುಕ್ಕಿನಲ್ಲಿ ವಯಸ್ಸಿನ ಪಾಲಿನ ಜೊತೆಗೆ ಬಿಸಿಲಿನ ದೊಡ್ಡ ಪಾಲೂ ಇದೆ. ನಮ್ಮ ಹೊರಚರ್ಮ ತೆಳು, ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸು. ಅದರ ಕೆಳಗಿನ ಒಳಚರ್ಮದಲ್ಲಿ ಕೊಲಾಜೆನ್ ಎಂಬ ಪ್ರೋಟೀನಿನ ಎಳೆಗಳು ಹೆಣೆದುಕೊಂಡಿರುತ್ತವೆ. ಹಗ್ಗದ ಮಂಚದ ಹಾಗೆ: ಹುರಿ ಬಿಗಿಯಾಗಿದ್ದರೆ ಮೇಲಿನ ಹಾಸು ಸಪಾಟು, ಸಡಿಲವಾದರೆ ಜೋಲು. ಸೂರ್ಯನ ಅತಿನೇರಳೆ ಕಿರಣಗಳಲ್ಲಿ ‘ಬಿ’ ಬಗೆಯದು ಹೆಚ್ಚಾಗಿ ಮೇಲ್ಪದರವನ್ನು ಸುಡುತ್ತದೆ. ‘ಎ’ ಬಗೆಯದು ಸುಡದೆ, ಸುಳಿವೂ ಕೊಡದೆ ಒಳಚರ್ಮಕ್ಕೇ ಇಳಿಯುತ್ತದೆ. ಇಳಿದದ್ದು ಕೊಲಾಜೆನ್ ಕತ್ತರಿಸುವ ಕಿಣ್ವಗಳನ್ನು ಕೆರಳಿಸುತ್ತದೆ, ಹೊಸ ಎಳೆ ನೂಲುವ ಕೋಶಗಳ ಕೆಲಸವನ್ನು ನಿಧಾನಿಸುತ್ತದೆ. ಕಿಟಕಿಯ ಸಾಧಾರಣ ಗಾಜು ‘ಬಿ’ಯನ್ನು ತಡೆಯುತ್ತದೆಯೇ ಹೊರತು ‘ಎ’ಯನ್ನು ಪೂರ್ತಿ ತಡೆಯದು.

ಇದಕ್ಕೆ ಕಣ್ಣಿಗೆ ಕಟ್ಟುವ ಸಾಕ್ಷಿ 2012ರಲ್ಲಿ ಅಮೆರಿಕದ ಒಂದು ವೈದ್ಯಪತ್ರಿಕೆಯಲ್ಲಿ ಅಚ್ಚಾದ ಭಾವಚಿತ್ರ. ಇಪ್ಪತ್ತೆಂಟು ವರ್ಷ ಸರಕಿನ ಟ್ರಕ್ ಓಡಿಸಿದ 69ರ ಚಾಲಕನೊಬ್ಬನ ಮುಖದ ಎಡಭಾಗ ಬಲಭಾಗಕ್ಕಿಂತ ತುಂಬ ಮುಪ್ಪಾಗಿ, ಮಡಿಕೆ ಮಡಿಕೆಯಾಗಿ ಕಾಣುತ್ತದೆ. ಅಲ್ಲಿ ಕಿಟಕಿ ಚಾಲಕನ ಎಡಕ್ಕೆ. ಆಲುವ ಡಿಪೋದಿಂದ ಹೊರಡುವ ಬಸ್ಸಿನ ಚಾಲಕನಿಗೆ ಅದು ಬಲಕ್ಕೆ. ಆಲುವ ಇರುವುದು ಸುಮಾರು ಹತ್ತು ಡಿಗ್ರಿ ಅಕ್ಷಾಂಶದಲ್ಲಿ. ಅಲ್ಲಿ ಬಿಸಿಲಿಗೆ ರಜೆಯ ತಿಂಗಳಿಲ್ಲ. ನಮ್ಮ ಕಂದು ಚರ್ಮದ ಮೆಲನಿನ್ ಒಂದಷ್ಟು ಕಾಪಾಡುತ್ತದೆ, ನಿಜ. ಹಾಗಾಗಿಯೇ ನಮ್ಮಲ್ಲಿ ಬಿಸಿಲಿನ ಪೆಟ್ಟು ಸುಕ್ಕಿಗಿಂತ ಮೊದಲು ಕಪ್ಪು ಕಲೆಯಾಗಿ, ಬಂಗಾಗಿ ತೋರುತ್ತದೆ.

ಸನ್‌ಸ್ಕ್ರೀನಿನ ಪರವಾಗಿ ಇರುವ ಪುರಾವೆ ಗಟ್ಟಿಯಾದದ್ದು. ಆಸ್ಟ್ರೇಲಿಯಾದ ನ್ಯಾಂಬೋರ್ ಎಂಬ ಊರಿನಲ್ಲಿ 55 ವರ್ಷದೊಳಗಿನ 903 ಜನರನ್ನು ಚೀಟಿ ಎತ್ತಿದಂತೆ ಗುಂಪು ಮಾಡಿ, ಕೆಲವರಿಗೆ ದಿನವೂ ಹಚ್ಚಲು ಹೇಳಿದರು, ಉಳಿದವರನ್ನು ಅವರಿಷ್ಟಕ್ಕೆ ಬಿಟ್ಟರು. ನಾಲ್ಕೂವರೆ ವರ್ಷದ ನಂತರ, ದಿನವೂ ಹಚ್ಚಿದವರ ಚರ್ಮ ಮುಪ್ಪಾದ ಪ್ರಮಾಣ ಶೇಕಡಾ 24ರಷ್ಟು ಕಡಿಮೆಯಿತ್ತು. ಏಡೆಲ್ ಗ್ರೀನ್ ಅವರ ತಂಡ ಇದನ್ನು 2013ರಲ್ಲಿ ಪ್ರಕಟಿಸಿತು. ಅದೇ ಪ್ರಯೋಗದಲ್ಲಿ ಕೆಲವರಿಗೆ ಕೊಟ್ಟ ಬೀಟಾ ಕ್ಯಾರೋಟಿನ್ ಮಾತ್ರೆಯಿಂದ ಅಂಥ ಗುಣವೇನೂ ಕಾಣಲಿಲ್ಲ.

ಇನ್ನು ಸುಕ್ಕಿನ ಹೆಸರಿನಲ್ಲೇ ಮಾರುವ ಡಬ್ಬಿಗಳು. ‘ಕೊಲಾಜೆನ್ ಕ್ರೀಮು’ ಎಂದರೆ ಕಳೆದುಹೋದದ್ದನ್ನು ಮರಳಿ ತುಂಬುವ ಔಷಧ ಎಂದು ಯಾರಿಗಾದರೂ ಅನ್ನಿಸುತ್ತದೆ. ಚರ್ಮ ಅದಕ್ಕೆ ಒಪ್ಪುವುದಿಲ್ಲ. ಅಣುಗಳ ತೂಕ ಅಳೆಯುವ ಮಾನ ಡಾಲ್ಟನ್; ಸುಮಾರು 500 ಡಾಲ್ಟನ್‌ಗಿಂತ ಭಾರದ ಅಣುಗಳನ್ನು ಹೊರಚರ್ಮ ಒಳಗೆ ಬಿಡುವುದು ಕಷ್ಟ. ಕೊಲಾಜೆನ್ನಿನದು ಮೂರು ಲಕ್ಷದ ಹತ್ತಿರ. ಅದು ಮೇಲೆಯೇ ಕೂತು ನೀರು ಹಿಡಿದಿಡುತ್ತದೆ, ಅಷ್ಟೆ. ನೀರು ಹಿಡಿದ ಚರ್ಮ ತುಸು ಉಬ್ಬಿ ಸಣ್ಣ ಗೆರೆಗಳು ಕೆಲವು ಗಂಟೆ ಮಾಸುತ್ತವೆ. ಡಬ್ಬಿ ಕೊಂಡವರಿಗೆ ಮರುದಿನವೇ ‘ಗುಣ’ ಕಾಣುವುದರ ಗುಟ್ಟು ಇದು. ಅಗ್ಗದ ಗ್ಲಿಸರಿನ್ ಲೋಷನ್ನೂ ಇದನ್ನು ಮಾಡುತ್ತದೆ.

ಒಳಗಿಳಿಯುವ ಅಣು ಬೇಕೆಂದರೆ ‘ಎ’ ವಿಟಮಿನ್ನಿನ ಬಳಗಕ್ಕೆ ಬರಬೇಕು. ರೆಟಿನಾಲ್ 286 ಡಾಲ್ಟನ್. ಚರ್ಮದೊಳಗೆ ಅದು ಎರಡು ಹೆಜ್ಜೆಯಲ್ಲಿ ರೆಟಿನಾಯಿಕ್ ಆಮ್ಲವಾಗಿ, ಕೊಲಾಜೆನ್ ನೂಲುವ ಕೋಶಗಳನ್ನು ಎಬ್ಬಿಸುತ್ತದೆ. ಮಿಷಿಗನ್ ವಿಶ್ವವಿದ್ಯಾಲಯದವರು 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 36 ವೃದ್ಧರ ಒಂದು ತೋಳಿಗೆ ಶೇಕಡಾ 0.4ರ ರೆಟಿನಾಲ್, ಇನ್ನೊಂದಕ್ಕೆ ಬರೀ ಲೋಷನ್ ಹಚ್ಚಿದರು. ಅವರ ಸರಾಸರಿ ವಯಸ್ಸು 87. ಇಪ್ಪತ್ತನಾಲ್ಕು ವಾರದಲ್ಲಿ ರೆಟಿನಾಲ್ ತೋಳಿನ ಸಣ್ಣ ಸುಕ್ಕುಗಳು ಕಡಿಮೆಯಾದವು. ಆ ವಯಸ್ಸಿನಲ್ಲೂ! ಆದರೆ ಅಂಗಡಿಯ ಡಬ್ಬಿಯಲ್ಲಿ ರೆಟಿನಾಲ್ ಎಷ್ಟಿದೆ ಎಂದು ಹಲವು ತಯಾರಕರು ಬರೆಯುವುದೇ ಇಲ್ಲ. ಗಾಳಿ ಬೆಳಕಿಗೆ ಕೆಡುವ ವಸ್ತು ಬೇರೆ. ಅಗಲ ಬಾಯಿಯ ಡಬ್ಬಿಗಿಂತ ಟ್ಯೂಬು ಮೇಲು.

ಬ್ರಿಟನ್ನಿನ ಬೂಟ್ಸ್ ಕಂಪನಿಯ ಕ್ರೀಮೊಂದರ ಪರೀಕ್ಷೆ 2009ರಲ್ಲಿ ಸುದ್ದಿಯಾಯಿತು. ಆರು ತಿಂಗಳು ಹಚ್ಚಿದವರಲ್ಲಿ ಶೇಕಡಾ 43 ಮಂದಿಗೆ ಸುಕ್ಕು ತಗ್ಗಿತ್ತು. ಸಾರವಿಲ್ಲದ ಸಪ್ಪೆ ಕ್ರೀಮು ಹಚ್ಚಿದವರಲ್ಲೂ ಶೇಕಡಾ 22 ಮಂದಿಗೆ ತಗ್ಗಿತ್ತು. ಎರಡು ಗುಂಪನ್ನು ನೇರವಾಗಿ ಹೋಲಿಸದೆ ಗೆಲುವು ಸಾರಿದ್ದಾರೆ ಎಂದು ಸಂಖ್ಯಾಶಾಸ್ತ್ರಜ್ಞ ಮಾರ್ಟಿನ್ ಬ್ಲಾಂಡ್ ತಕರಾರು ತೆಗೆದರು. ತಕರಾರು ನ್ಯಾಯವಾದದ್ದೇ. ನಮ್ಮ ಜಾಹೀರಾತುಗಳಲ್ಲಿ ಈ ಸಪ್ಪೆ ಕ್ರೀಮಿನ ಲೆಕ್ಕ ಎಂದಾದರೂ ಕಂಡದ್ದುಂಟೆ?

ಕೇರಳದವರು ಜಾಹೀರಾತನ್ನು ಸುಮ್ಮನೆ ಬಿಟ್ಟವರಲ್ಲ. ಸೌಂದರ್ಯ ನಿಮ್ಮನ್ನು ಹುಡುಕಿ ಬರುತ್ತದೆ ಎಂದು ನಟ ಮಮ್ಮೂಟ್ಟಿ ಹೇಳಿದ ಇಂದುಲೇಖಾ ಸೋಪಿನಿಂದ ತನಗೆ ಅಂಥದ್ದೇನೂ ಆಗಲಿಲ್ಲವೆಂದು ವಯನಾಡಿನ ಗ್ರಾಹಕರೊಬ್ಬರು 2015ರಲ್ಲಿ ದೂರು ಕೊಟ್ಟರು. ಕಂಪನಿ 30,000 ರೂಪಾಯಿ ಕೊಟ್ಟು ರಾಜಿಯಾಯಿತು. ಅದು ನಗುವ ವಿಷಯ. ಮಲಪ್ಪುರಂ ಜಿಲ್ಲೆಯ ಪ್ರಕರಣ ಹಾಗಲ್ಲ. ಅಲ್ಲಿನ ಕೋಟ್ಟಕ್ಕಲ್‌ನ ಮೂತ್ರಪಿಂಡ ತಜ್ಞರು ಅಪರೂಪದ ಕಿಡ್ನಿ ಕಾಯಿಲೆಯ ಬೆನ್ನು ಹತ್ತಿದಾಗ, ರೋಗಿಗಳಲ್ಲಿ ಹಲವರು ಪಾದರಸ ಬೆರೆತ ಬಿಳುಪಿನ ಕ್ರೀಮು ಬಳಸಿದವರೆಂದು ತಿಳಿಯಿತು. ರಾಜ್ಯದ ಔಷಧ ನಿಯಂತ್ರಣ ಇಲಾಖೆ 2023ರಲ್ಲಿ ‘ಆಪರೇಷನ್ ಸೌಂದರ್ಯ’ ಹೆಸರಿನ ತಪಾಸಣೆಗೆ ಇಳಿಯಿತು. ತಯಾರಕರ ಹೆಸರು, ವಿಳಾಸ, ಪರವಾನಗಿ ಸಂಖ್ಯೆ ಇಲ್ಲದ ಕ್ರೀಮನ್ನು ಯಾರು ಉಡುಗೊರೆಯಾಗಿ ಕೊಟ್ಟರೂ ಮುಖಕ್ಕೆ ಮುಟ್ಟಿಸಬೇಡಿ.

ಉಳಿದಂತೆ, ರೆಟಿನಾಲ್ ಬೇಕೆನಿಸಿದರೆ ರಾತ್ರಿ, ವಾರಕ್ಕೆ ಎರಡು ಸಲದಿಂದ ಶುರು ಮಾಡಿ, ಉರಿಯದಿದ್ದರೆ ಹೆಚ್ಚಿಸಿ. ಗರ್ಭಿಣಿಯರಿಗೆ ಅದು ಬೇಡ. ಅದಕ್ಕಿಂತ ಬಲವಾದ ಟ್ರೆಟಿನಾಯಿನ್‌ಗೆ ಚರ್ಮರೋಗ ವೈದ್ಯರ ಚೀಟಿ ಬೇಕು. ಆಳವಾದ ಮಡಿಕೆಗಳನ್ನು ಅಂಗಡಿಯ ಯಾವ ಕ್ರೀಮೂ ಅಳಿಸುವುದಿಲ್ಲ. ಒಂದೇ ಟ್ಯೂಬಿಗೆ ಆಗುವಷ್ಟು ದುಡ್ಡಿದ್ದರೆ ಎಸ್‌ಪಿಎಫ್ 30ರ, ‘ಎ’ ಕಿರಣವನ್ನೂ ತಡೆಯುವ ಸನ್‌ಸ್ಕ್ರೀನ್ ಕೊಳ್ಳಿ. ಬಟಾಣಿಯಷ್ಟು ಸವರಿ ಸುಮ್ಮನಾಗದೆ, ಎರಡು ಬೆರಳುದ್ದ ಹಿಂಡಿ ಮುಖಕ್ಕೂ ಕತ್ತಿಗೂ ಹಚ್ಚಿ.