ಎದುರು ದಡವನ್ನು ಕಳೆದುಕೊಂಡ ಕಸ್ತೆಲೋರಿಜೊ

ಗ್ರೀಸ್ ದೇಶದ ಪೂರ್ವದ ಕಟ್ಟಕಡೆಯಲ್ಲಿ, ರೋಡ್ಸ್ ದ್ವೀಪದಿಂದ 120 ಕಿಲೋಮೀಟರಿಗೂ ಮಿಕ್ಕ ದೂರದಲ್ಲಿ, ಆದರೆ ತುರ್ಕಿಯ ತೀರಕ್ಕೆ ಸುಮಾರು 2 ಕಿಲೋಮೀಟರಿನಷ್ಟು ಸಮೀಪದಲ್ಲಿರುವ ಕಸ್ತೆಲೋರಿಜೊ ಒಂದು ಪುಟ್ಟ ದ್ವೀಪ. ಅದರಲ್ಲಿರುವುದು ಬಂದರನ್ನು ಬಳಸಿಕೊಂಡು ನಿಂತ ಒಂದೇ ಗ್ರಾಮ. ನೀರಿನಂಚಿನಲ್ಲಿ ನೀಲಿ, ಹಳದಿ ಬಣ್ಣದ ಎರಡಂತಸ್ತಿನ ಮನೆಗಳು, ಅವುಗಳಿಗೆ ಮರದ ಬಾಲ್ಕನಿಗಳು. ಅವುಗಳ ಹಿಂದೆ ಇಳಿಜಾರಿನಲ್ಲಿ ಛಾವಣಿಯಿಲ್ಲದ ಗೋಡೆಗಳು. ಮೇಲಿನ ಕೆಂಬಂಡೆಯ ಮೇಲೆ ಸಂತ ಜಾನ್ ಪಂಥದ ಯೋಧರು ಕಟ್ಟಿದ ಕೋಟೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇಲ್ಲಿ ಹತ್ತು ಸಾವಿರದಷ್ಟು ಜನರಿದ್ದರೆಂದು ಹೇಳುತ್ತಾರೆ; 2011ರ ಜನಗಣತಿಯಲ್ಲಿ ಉಳಿದವರು 492.

ಒರತೆಯಿಲ್ಲದೆ, ಮಳೆನೀರನ್ನು ತೊಟ್ಟಿಗಳಲ್ಲಿ ಹಿಡಿದಿಟ್ಟು ಬದುಕಬೇಕಾದ ಈ ಬಂಡೆಯ ಮೇಲೆ ಅಷ್ಟು ಜನ ಹೇಗೆ ಬಾಳಿದರೆಂದರೆ, ಎದುರಿನ ಅನತೋಲಿಯಾ ತೀರವೇ ಅವರಿಗೆ ಹೊಲವೂ ಕಾಡೂ ಸಂತೆಯೂ ಆಗಿತ್ತು. ಅಲ್ಲಿನ ಮರವನ್ನೂ ಇದ್ದಲನ್ನೂ ಹಾಯಿಹಡಗುಗಳಲ್ಲಿ ಅಲೆಕ್ಸಾಂಡ್ರಿಯಕ್ಕೆ ಸಾಗಿಸಿ ಶ್ರೀಮಂತರಾದರು. ಹಬೆಯ ಹಡಗುಗಳು ಬಂದು ಆ ವ್ಯಾಪಾರ ಕುಗ್ಗಿತು. 1913ರಲ್ಲಿ ಆಟೋಮನ್ ಆಳ್ವಿಕೆಯ ವಿರುದ್ಧ ದಂಗೆಯೆದ್ದ ದ್ವೀಪವು 1915ರಲ್ಲಿ ಫ್ರೆಂಚರ ವಶವಾಗಿ, 1921ರಲ್ಲಿ ಇಟಲಿಗೆ ಸೇರಿತು. ಗ್ರೀಸ್ ಮತ್ತು ತುರ್ಕಿಗಳ ನಡುವಿನ 1923ರ ಜನವಿನಿಮಯದಲ್ಲಿ ಅನತೋಲಿಯಾದ ಗ್ರೀಕರು ನೆಲೆ ತೊರೆದ ಮೇಲೆ ಎದುರು ದಡ ಪರಕೀಯವೇ ಆಯಿತು. ಈ ಗ್ರಾಮವನ್ನು ಬರಿದು ಮಾಡಿದ್ದು ಮೊದಲಿಗೆ ಎರಡು ದಡಗಳ ನಡುವೆ ಬಿದ್ದ ಆ ಗಡಿರೇಖೆಯೆಂದೇ ನನ್ನ ದೃಢವಾದ ಅಭಿಪ್ರಾಯ. 1926ರ ಭೂಕಂಪವೂ ಯುದ್ಧವೂ ಅದರ ತರುವಾಯ ಬಂದವು. ಅಷ್ಟರಲ್ಲೇ ಅನೇಕ ಕುಟುಂಬಗಳು ಆಸ್ಟ್ರೇಲಿಯಕ್ಕೆ ಹೊರಟಿದ್ದವು.

1943ರಲ್ಲಿ ಬ್ರಿಟಿಷರು ಇಳಿದರು, ಜರ್ಮನ್ ವಿಮಾನಗಳು ಬಾಂಬು ಸುರಿದವು. ಜನರನ್ನು ಮೊದಲು ಸೈಪ್ರಸ್ಸಿಗೂ ಅಲ್ಲಿಂದ ಗಾಜಾದ ನಿರಾಶ್ರಿತರ ಶಿಬಿರಕ್ಕೂ ಒಯ್ಯಲಾಯಿತು. 1944ರಲ್ಲಿ ಇಂಧನದ ದಾಸ್ತಾನಿಗೆ ಹತ್ತಿದ ಬೆಂಕಿಯಿಂದ ಅವರಿಲ್ಲದ ಮನೆಗಳು ಅನೇಕ ನಾಶವಾದವು. 1945ರ ಸೆಪ್ಟೆಂಬರಿನಲ್ಲಿ ಸುಮಾರು ಐನೂರು ಮಂದಿಯನ್ನು ಹೊತ್ತು ಹಿಂದಿರುಗುತ್ತಿದ್ದ ಎಂಪೈರ್ ಪ್ಯಾಟ್ರೋಲ್ ಎಂಬ ಹಡಗಿಗೂ ಬೆಂಕಿ ಬಿದ್ದು, ಊರ ದಾರಿಯಲ್ಲಿಯೇ 33 ಮಂದಿ ಪ್ರಾಣ ಬಿಟ್ಟರು. ದ್ವೀಪ 1948ರಲ್ಲಿ ವಿಧಿವತ್ತಾಗಿ ಗ್ರೀಸಿಗೆ ಸೇರಿತಾದರೂ, ಮರಳಿ ಬಂದವರಿಗೆ ನಿಲ್ಲಲು ಸೂರೆಲ್ಲಿತ್ತು?

ನಿಂತವರೂ ಉಂಟು. ನೆರೆಯ ನಿರ್ಜನ ದ್ವೀಪವಾದ ರೋ ಎಂಬಲ್ಲಿಗೆ 1927ರಲ್ಲಿ ಪತಿಯೊಡನೆ ಹೋಗಿ ನೆಲೆಸಿದ ದೆಸ್ಪಿನಾ ಅಖ್ಲಾದಿಯೋತಿ, 1940ರಲ್ಲಿ ವಿಧವೆಯಾದ ಬಳಿಕವೂ ಆ ನೆಲವನ್ನು ಬಿಡಲಿಲ್ಲ; ಕುರುಡಿಯಾದ ತಾಯಿಯನ್ನು ಸಲಹುತ್ತ, ಮೇಕೆಗಳನ್ನು ಸಾಕುತ್ತ, ಬೆಳಗ್ಗೆ ಗ್ರೀಕ್ ಧ್ವಜವನ್ನೇರಿಸಿ ಸಂಜೆ ಇಳಿಸುವ ನೇಮವನ್ನು 1982ರಲ್ಲಿ ಕಣ್ಮುಚ್ಚುವವರೆಗೂ ನಡೆಸಿದಳು. ರಾಜ್ಯಗಳು ಎಳೆದ ಗೆರೆಗೆ ಒಬ್ಬ ಹೆಂಗಸಿನ ಉತ್ತರವದು, ನಮಿಸದೆ ಇರಲಾಗದು.

ಇಂದು ಕಸ್ತೆಲೋರಿಜೊ ಮೂಲದವರು ಊರಿನಲ್ಲಿರುವುದಕ್ಕಿಂತ ಎಷ್ಟೋ ಪಾಲು ಹೆಚ್ಚಾಗಿ ಪರ್ತ್, ಸಿಡ್ನಿ, ಮೆಲ್ಬರ್ನ್ ನಗರಗಳಲ್ಲಿದ್ದಾರೆ. ಬೇಸಿಗೆಯಲ್ಲಿ ಅವರ ಮಕ್ಕಳು ಮೊಮ್ಮಕ್ಕಳು ಬಂದು ಅಜ್ಜಂದಿರ ಮನೆಗಳನ್ನು ರಿಪೇರಿ ಮಾಡಿಸುತ್ತಾರೆ.