ಬಾಯ್ನ್ ನದಿಯಲ್ಲಿ ನಿಜಕ್ಕೂ ನಡೆದದ್ದು

ಪ್ರತಿ ವರ್ಷ ಜುಲೈ 12 ಬಂತೆಂದರೆ ಉತ್ತರ ಐರ್ಲೆಂಡಿನ ಊರೂರಲ್ಲಿ ಕಿತ್ತಳೆ ಬಣ್ಣದ ಪಟ್ಟಿ ತೊಟ್ಟವರು ಡ್ರಮ್ ಬಾರಿಸುತ್ತ ಮೆರವಣಿಗೆ ಹೊರಡುತ್ತಾರೆ. 1690ರಲ್ಲಿ ಇಂಗ್ಲೆಂಡಿನ ಪ್ರಾಟೆಸ್ಟೆಂಟ್ ರಾಜ ವಿಲಿಯಂ ಐರ್ಲೆಂಡಿನ ಬಾಯ್ನ್ ನದಿ ದಾಟಿ, ತನ್ನ ಮಾವನೂ ಆಗಿದ್ದ, ಪಟ್ಟ ಕಳೆದುಕೊಂಡಿದ್ದ ಕ್ಯಾಥೊಲಿಕ್ ರಾಜ ಜೇಮ್ಸನನ್ನು ಸೋಲಿಸಿದ ನೆನಪಿಗೆ ಈ ಆಚರಣೆ. ಈ ಗೆಲುವಿನ ಸುತ್ತ ಕಟ್ಟಿಕೊಂಡ ಕಥೆಗಳು ಇಂದಿಗೂ ಅಲ್ಲಿನ ನೆರೆಹೊರೆಯವರ ನಡುವೆ ಗೋಡೆಯಾಗಿ ನಿಂತಿವೆ.

ತಪ್ಪು ಕಲ್ಪನೆ: ಒಂದು ದಡದಲ್ಲಿ ಪ್ರಾಟೆಸ್ಟೆಂಟರು, ಇನ್ನೊಂದು ದಡದಲ್ಲಿ ಕ್ಯಾಥೊಲಿಕರು.

ಸತ್ಯ: ಧರ್ಮ ಮುಖ್ಯವಾಗಿತ್ತು, ಆದರೆ ಗೆರೆ ಅಷ್ಟು ನೇರವಾಗಿರಲಿಲ್ಲ. ಜೇಮ್ಸನ ಬೆನ್ನಿಗಿದ್ದವನು ಫ್ರಾನ್ಸಿನ 14ನೇ ಲೂಯಿ. ಅವನ ಬಲ ಮುರಿಯಲು ವಿಲಿಯಂ ಕೈಜೋಡಿಸಿದ್ದು ಕ್ಯಾಥೊಲಿಕ್ ಚಕ್ರವರ್ತಿ ಲಿಯೊಪೋಲ್ಡನ ಜೊತೆ; ಕ್ಯಾಥೊಲಿಕ್ ಸ್ಪೇನ್ ಕೂಡ ಅದೇ ಕೂಟದಲ್ಲಿತ್ತು. ವಿಲಿಯಂನ ಸೈನ್ಯದಲ್ಲಿ ಡಚ್ಚರು, ಡೇನರು, ಇಂಗ್ಲಿಷರು, ಫ್ರಾನ್ಸಿನಿಂದ ಓಡಿಬಂದ ಪ್ರಾಟೆಸ್ಟೆಂಟರಾದ ಹ್ಯೂಗೆನೋಗಳ ಜೊತೆ ಕ್ಯಾಥೊಲಿಕ್ ಸೈನಿಕರೂ ಇದ್ದರು.

ತಪ್ಪು ಕಲ್ಪನೆ: ಬಿಳಿ ಕುದುರೆಯೇರಿದ ವಿಲಿಯಂ ಮುಂದೆ ನಿಂತು ನದಿಗೆ ನುಗ್ಗಿದ, ಶತ್ರು ಚೆದುರಿದ.

ಸತ್ಯ: ಆ ಚಿತ್ರ ನಮ್ಮ ಕಣ್ಣಲ್ಲಿ ನಿಲ್ಲುವಂತೆ ಮಾಡಿದ್ದು ಬೆಂಜಮಿನ್ ವೆಸ್ಟ್‌ನಂಥ 18ನೇ ಶತಮಾನದ ಕಲಾವಿದರು. ಕದನ ಗೆದ್ದದ್ದು ಒಂದು ಯುದ್ಧತಂತ್ರದಿಂದ. ವಿಲಿಯಂನ ಬಳಿ ಸುಮಾರು 36,000 ಜನ, ಜೇಮ್ಸನ ಬಳಿ ಸುಮಾರು 25,000. ಬೆಳಗಿನ ಜಾವವೇ ವಿಲಿಯಂ ಒಂದು ದೊಡ್ಡ ತುಕಡಿಯನ್ನು ನದಿಯ ಮೇಲ್ಭಾಗದ ರೊಸ್ನಾರೀ ಕಡೆಗೆ ಕಳಿಸಿದ. ಹಿಂದಿನಿಂದ ಸುತ್ತುವರಿದಾರು ಎಂದು ಹೆದರಿದ ಜೇಮ್ಸ್ ತನ್ನ ಸೈನ್ಯದ ಹೆಚ್ಚಿನ ಭಾಗವನ್ನು ಅತ್ತ ಹರಿಸಿದ. ಅಲ್ಲಿ ನಡುವೆ ಆಳವಾದ ಕೊರಕಲು, ಜೌಗು ನೆಲ. ಎರಡೂ ಪಡೆ ಒಂದನ್ನೊಂದು ನೋಡುತ್ತ ನಿಂತವೇ ಹೊರತು ಕೈ ಮಿಲಾಯಿಸಲಿಲ್ಲ. ಇತ್ತ ಓಲ್ಡ್‌ಬ್ರಿಜ್ ಕಡವಿನಲ್ಲಿ ಸಮುದ್ರದ ಇಳಿತಕ್ಕೆ ನೀರು ತಗ್ಗುವುದನ್ನೇ ಕಾದಿದ್ದ ಡಚ್ ಕಾಲಾಳುಗಳು ಸೊಂಟಮಟ್ಟದ ನೀರಿನಲ್ಲಿ ಇಳಿದು ದಾಟಿದರು. ಅವರೆದುರು ಉಳಿದಿದ್ದ ಐರಿಷ್ ಅಶ್ವದಳ ಮತ್ತೆ ಮತ್ತೆ ಮೇಲೆರಗಿ ಹೋರಾಡಿದ ರೀತಿ ಮೆಚ್ಚಲೇಬೇಕಾದದ್ದು. ವಿಲಿಯಂನ ಹಿರಿಯ ಸೇನಾಪತಿ, ಎಪ್ಪತ್ತು ದಾಟಿದ್ದ ಶೋಂಬರ್ಗ್, ಅಲ್ಲಿಯೇ ಸತ್ತ. ವಿಲಿಯಂ ಕೆಳಗಿನ ಕಡವಿನಲ್ಲಿ ನದಿ ದಾಟಿದ್ದು ನಿಜ. ಆದರೆ ಅವನ ಕುದುರೆ ಕೆಸರಿನಲ್ಲಿ ಹೂತುಹೋಗಿ, ಉಬ್ಬಸದ ರೋಗಿಯಾದ ಅವನು ಇಳಿಯಬೇಕಾಯಿತು. ಹಿಂದಿನ ದಿನವಷ್ಟೇ ಫಿರಂಗಿ ಗುಂಡು ಅವನ ಭುಜ ಸವರಿಹೋಗಿತ್ತು. ಆ ಸ್ಥಿತಿಯಲ್ಲೂ ಅವನು ರಣರಂಗ ಬಿಡಲಿಲ್ಲ. ಧೈರ್ಯವಂತೂ ಕಟ್ಟುಕಥೆಯಲ್ಲ.

ದಿನಾಂಕದ ಗೊಂದಲ ಬೇರೆ. ಅಂದಿನ ಬ್ರಿಟಿಷ್ ಪಂಚಾಂಗದಲ್ಲಿ ಕದನ ನಡೆದದ್ದು ಜುಲೈ 1ರಂದು, ಇಂದಿನ ಲೆಕ್ಕಕ್ಕೆ ಜುಲೈ 11. 1752ರಲ್ಲಿ ಪಂಚಾಂಗ ಬದಲಾದಾಗ ಹಳೆಯ ದಿನಾಂಕಕ್ಕೆ 10ರ ಬದಲು 11 ದಿನ ಕೂಡಿಸಿದ್ದರಿಂದ ಅದು 12 ಎಂದು ನಿಂತಿತು.

ಎಲ್ಲಕ್ಕಿಂತ ದೊಡ್ಡ ತಪ್ಪು ಕಲ್ಪನೆ, ಬಾಯ್ನ್‌ನಲ್ಲೇ ಯುದ್ಧ ಮುಗಿಯಿತು ಎಂಬುದು. ಜೇಮ್ಸ್ ಫ್ರಾನ್ಸಿಗೆ ಓಡಿಹೋದ, ಡಬ್ಲಿನ್ ಅವನ ಕೈತಪ್ಪಿತು, ಅದು ಸರಿ. ಆದರೆ ಅಂದು ಎರಡೂ ಕಡೆ ಸೇರಿ ಸತ್ತವರು ಸುಮಾರು 2,000. ಸೋತ ಸೈನ್ಯ ಬಹುಪಾಲು ಉಳಿದುಕೊಂಡು ಇನ್ನೂ ಒಂದು ವರ್ಷ ಕಾದಿತು. ಅದರ ಬೆನ್ನು ಮುರಿದದ್ದು 1691ರ ಜುಲೈನಲ್ಲಿ, ಆಕ್ರಿಮ್ ಕದನದಲ್ಲಿ. ಅಲ್ಲಿ ಬಿದ್ದವರು ಸುಮಾರು 7,000 ಮಂದಿ. ಅದೇ ವರ್ಷದ ಅಕ್ಟೋಬರಿನಲ್ಲಿ ಲಿಮರಿಕ್ ಒಪ್ಪಂದವಾದ ಮೇಲೆಯೇ ಐರ್ಲೆಂಡಿನಲ್ಲಿ ಯುದ್ಧ ನಿಂತದ್ದು.